ಸಿಎಂಎಸ್‌ಎಕ್ಸ್-4 ಸಾಕಾ, ಸಿಎಂಎಸ್‌ಎಕ್ಸ್-10 ಬೇಕಾ?

ಗುಬ್ಬಿ ಹತ್ತಿರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನೋಡಿ ಬಂದ ತುಮಕೂರಿನ ತಮ್ಮನೊಬ್ಬ ಎಂ.ಟೆಕ್ ಪ್ರಾಜೆಕ್ಟಿಗೆ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಬಳಸುವ ಈ ಎರಡು ಲೋಹಗಳಲ್ಲಿ ಯಾವುದನ್ನು ಹಿಡಿಯಲಿ ಅಂತ ಕೇಳಿದ. ಅವನಿಗೆ ಹೇಳಿದ್ದು ಇದು.

ಎರಡೂ ನಿಕ್ಕಲ್ ಮಿಶ್ರಲೋಹಗಳು, ಇಡೀ ಬ್ಲೇಡೇ ಒಂದು ಹರಳು. ಹರಳುಗಳ ನಡುವಿನ ಗಡಿಯೇ ಇಲ್ಲ, ಹಾಗಾಗಿ ಅಲ್ಲಿಂದ ಬಿರುಕು ಬಿಡುವ ಭಯವಿಲ್ಲ. ಮುಖ್ಯ ವ್ಯತ್ಯಾಸ ರೀನಿಯಮ್ ಎಂಬ ಭಾರದ ಲೋಹ: ಮೊದಲನೆಯದರಲ್ಲಿ ಸುಮಾರು 3%, ಎರಡನೆಯದರಲ್ಲಿ 6%. ರೀನಿಯಮ್ ಪರಮಾಣು ನಿಕ್ಕಲ್ ಒಳಗೆ ಬಲು ನಿಧಾನವಾಗಿ ಸರಿಯುತ್ತದೆ. ಅದರಿಂದ ಕ್ರೀಪ್, ಅಂದರೆ ಬಿಸಿಯಲ್ಲಿ ಭಾರ ಹೊತ್ತ ಲೋಹ ಮೆಲ್ಲಗೆ ಉದ್ದವಾಗುವುದು, ತಗ್ಗುತ್ತದೆ. ಆದರೆ ಜಾಸ್ತಿ ಹಾಕಿದರೆ ಒಳಗೆ ಸೂಜಿಯಂಥ ಪೆಡಸು ಕಣಗಳು ಹುಟ್ಟುವ ಅಪಾಯವಿದೆ. ತೂಕವೂ ಏರುತ್ತದೆ: ಘನ ಸೆಂಟಿಮೀಟರಿಗೆ 8.7 ಗ್ರಾಂ ಇದ್ದದ್ದು 9 ದಾಟುತ್ತದೆ. ತಿರುಗುವ ಬ್ಲೇಡಿಗೆ ಅದು ಸಣ್ಣ ಮಾತಲ್ಲ.

ನಾನಾದರೆ ಸಿಎಂಎಸ್‌ಎಕ್ಸ್-4 ಹಿಡಿಯುತ್ತೇನೆ. ಅದರ ಬಗ್ಗೆ ಓದಲು ಬೇಕಾದಷ್ಟಿದೆ. 1100 ಡಿಗ್ರಿಯಲ್ಲಿ ಎಳೆದ ತುಂಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡು. ಗಾಮಾ ಪ್ರೈಮ್, ಅಂದರೆ ಲೋಹಕ್ಕೆ ಬಲ ಕೊಡುವ ನಿಕ್ಕಲ್-ಅಲ್ಯುಮಿನಿಯಂ ಕಣಗಳ, ಅರ್ಧ ಮೈಕ್ರಾನಿನ ಇಟ್ಟಿಗೆಗಳು ಒಂದಕ್ಕೊಂದು ಕೂಡಿ, ಎಳೆತಕ್ಕೆ ಅಡ್ಡಲಾಗಿ ಹಲಗೆಗಳಾಗಿರುತ್ತವೆ. 750 ಡಿಗ್ರಿಯಲ್ಲಿ ಹಾಗಾಗುವುದಿಲ್ಲ. ಇಟ್ಟಿಗೆ ಇಟ್ಟಿಗೆಯಾಗೇ ಉಳಿಯುತ್ತದೆ, ಆದರೆ ಜೋರಾಗಿ ಎಳೆದರೆ ಶುರುವಿನಲ್ಲೇ ತುಂಡು ತುಂಬಾ ಹಿಗ್ಗುತ್ತದೆ.