ವೈನ್ ಸವಿಯಲು ಕಲಿಯುವುದು: ತರಗತಿಯೋ, ಆನ್‌ಲೈನ್ ಕೋರ್ಸೋ?

ವೈನ್ ರುಚಿ ನೋಡುವ ಕ್ರಮವನ್ನು ಮೊದಲಿನಿಂದ ಕಲಿಯಬೇಕೆನ್ನುವವರಿಗೆ ಸಾಮಾನ್ಯವಾಗಿ ಸಿಗುವುದು ಮೂರು ದಾರಿಗಳು: ಎದುರು ಕುಳಿತು ಕಲಿಯುವ ತರಗತಿ, ಆನ್‌ಲೈನ್ ಕೋರ್ಸ್ ಮತ್ತು ಸಂಜೆಯ ಟೇಸ್ಟಿಂಗ್ ಕೂಟ. ಮೂರರ ರುಚಿಯನ್ನೂ ಕಂಡಿರುವ ನನ್ನ ಒಲವು ತರಗತಿಯ ಕಡೆಗೇ, ಅದರಲ್ಲೂ ಲಂಡನ್ನಿನಲ್ಲಿ 1969ರಲ್ಲಿ ಆರಂಭವಾದ ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್‌ನ, ಅಂದರೆ ಡಬ್ಲ್ಯುಎಸ್‌ಇಟಿಯ, ಮೊದಲ ಹಂತದ ಕಡೆಗೆ. ಪಠ್ಯದ ಮಟ್ಟಿಗೆ ತರಗತಿಗೂ ಆನ್‌ಲೈನ್ ಕೋರ್ಸಿಗೂ ನಡುವೆ ಅಂಥ ಅಂತರವೇನೂ ಇಲ್ಲ. ಅಂತರವಿರುವುದು ಬಾಟಲಿಯ ಲೆಕ್ಕದಲ್ಲಿ.

ನಾನು ಮೊದಲು ಸೇರಿದ್ದು ಆನ್‌ಲೈನ್ ಕೋರ್ಸಿಗೆ. ಶುಲ್ಕ ಕಡಿಮೆಯಿತ್ತು, ವಿಡಿಯೊಗಳೂ ಅಚ್ಚುಕಟ್ಟಾಗಿದ್ದವು. ಆದರೆ ವೈನನ್ನು ನಾವೇ ಕೊಳ್ಳಬೇಕಿತ್ತು. ರುಚಿಯ ಪಾಠವೆಂದರೆ ಹೋಲಿಕೆಯ ಪಾಠ. ಹುಳಿ ಹೆಚ್ಚಿರುವ ವೈನಿನ ಪಕ್ಕದಲ್ಲಿ ಹುಳಿ ಕಡಿಮೆಯಿರುವುದನ್ನೂ, ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್‌ನ ಒಗರು ವಸಡನ್ನು ಹಿಡಿಯುವಂಥದರ ಪಕ್ಕದಲ್ಲಿ ನಯವಾಗಿ ಇಳಿಯುವಂಥದನ್ನೂ ಇಟ್ಟರೆ ಮಾತ್ರ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ. ಹಾಗಾಗಿ ಒಂದು ಪಾಠಕ್ಕೆ ನಾಲ್ಕು ಬಾಟಲಿಗಳನ್ನು ಒಟ್ಟಿಗೇ ತೆರೆಯಬೇಕು. ರುಚಿ ನೋಡಲು ಒಂದೊಂದರಿಂದ 50 ಮಿ.ಲೀ. ಸಾಕು, ಬಾಟಲಿಯಲ್ಲಿರುವುದು 750 ಮಿ.ಲೀ. ಪಾಠ ಮುಗಿದಾಗ ಉಳಿಯುವುದು 2.8 ಲೀಟರ್.

ತೆರೆದ ವೈನ್ ಫ್ರಿಜ್ಜಿನಲ್ಲಿಟ್ಟರೂ ಮೂರರಿಂದ ಐದು ದಿನಗಳಲ್ಲಿ ಗಾಳಿ ತಾಗಿ ಸಪ್ಪೆಯಾಗುತ್ತದೆ. ವಾರಕ್ಕೊಂದು ಲೋಟ ಕುಡಿದರೆ ಹೆಚ್ಚೆನ್ನುವ ನನ್ನಂಥವರಿಗೆ ಇದು ಹಣವನ್ನು ಸಿಂಕಿಗೆ ಸುರಿದಂತೆಯೇ. ಒಂದೊಂದೇ ಬಾಟಲಿ ತೆರೆಯೋಣವೆಂದರೆ, ಹೋದ ವಾರದ ಹುಳಿ ಎಷ್ಟಿತ್ತೆಂಬುದು ಈ ವಾರ ನಾಲಿಗೆಗೆ ನೆನಪಿರುವುದಿಲ್ಲ. 375 ಮಿ.ಲೀ.ಯ ಅರ್ಧ ಬಾಟಲಿ ಕೊಳ್ಳಬಹುದೆಂದು ಕೋರ್ಸಿನವರು ಸೂಚಿಸಿದರಾದರೂ ಅವರ ಪಟ್ಟಿಯಲ್ಲಿದ್ದ ಹೆಚ್ಚಿನ ವೈನುಗಳು ಆ ಅಳತೆಯಲ್ಲಿ ಸಿಗಲಿಲ್ಲ. ಕಾರ್ಕ್ ತೆಗೆಯದೆಯೇ ಸೂಜಿಯಿಂದ ವೈನ್ ಎಳೆದುಕೊಂಡು ಆ ಜಾಗಕ್ಕೆ ಆರ್ಗಾನ್ ಅನಿಲ ತುಂಬುವ ಕೊರಾವಿನ್‌ನಂಥ ಸಾಧನ ಈ ತೊಡಕನ್ನು ನೀಗಿಸುತ್ತದೆ, ನಿಜ; ಆದರೆ ಆರಂಭದಲ್ಲೇ ಅಷ್ಟು ಖರ್ಚು ಮಾಡುವುದಾದರೆ ಅಗ್ಗದ ಕೋರ್ಸ್ ಆರಿಸಿಕೊಂಡು ಉಳಿಸಿದ್ದೇನು?

ಪಟ್ಟಿಯಲ್ಲಿರುವುದು ಸಿಗದೆ ಬದಲಿ ಕೊಂಡಾಗ ಇನ್ನೊಂದು ತೊಡಕು ಎದುರಾಗುತ್ತದೆ. ವಿಡಿಯೊದಲ್ಲಿ ಶಾಬ್ಲಿ ಎಂಬ ಫ್ರಾನ್ಸಿನ ಬಿಳಿ ವೈನನ್ನು ಕೈಯಲ್ಲಿ ಹಿಡಿದವರು ಹಸಿರು ಸೇಬು, ನಿಂಬೆ ಎಂದು ಹೇಳುತ್ತಿದ್ದರೆ ನನ್ನ ಗ್ಲಾಸಿನಿಂದ ಏಳುತ್ತಿದ್ದುದು ಬೆಣ್ಣೆಯ, ವೆನಿಲಾದ ಘಮ. ಎರಡೂ ಶಾರ್ಡೊನೆ ದ್ರಾಕ್ಷಿಯವೇ. ನಾನು ಕೊಂಡದ್ದು ಓಕ್ ಪೀಪಾಯಿಯಲ್ಲಿ ಪಳಗಿದ್ದು, ಶಾಬ್ಲಿ ಬಹುಮಟ್ಟಿಗೆ ಓಕ್ ಸೋಕದೆ ತಯಾರಾಗುವಂಥದು. ಇದನ್ನು ಆ ಕ್ಷಣದಲ್ಲಿ ಹೇಳಿಕೊಡುವವರು ಪಕ್ಕದಲ್ಲಿರಲಿಲ್ಲ.

ತರಗತಿಯಲ್ಲಿ ಒಂದೇ ಬಾಟಲಿಯನ್ನು ಹದಿನೈದು ಮಂದಿ ಹಂಚಿಕೊಳ್ಳಬಹುದು. ಶುಲ್ಕ ಮೇಲ್ನೋಟಕ್ಕೆ ಹೆಚ್ಚೆನಿಸಿದರೂ ನಾನು ಸುರಿದ ಬಾಟಲಿಗಳ ಬೆಲೆಯನ್ನು ಸೇರಿಸಿದರೆ ಆನ್‌ಲೈನ್ ಕಲಿಕೆಯೇ ದುಬಾರಿಯಾಯಿತು. ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆಂದು ಗಮನಿಸಿ ಹುಳಿಯನ್ನು ಅಳೆಯುವುದನ್ನು ಶಿಕ್ಷಕರು ಹೇಳಿಕೊಟ್ಟದ್ದು ಅಲ್ಲೇ. ಒಂದು ಬಾಟಲಿ ಕೆಟ್ಟಿದ್ದಾಗ ಅವರು ಅದನ್ನು ಚೆಲ್ಲದೆ, ಅದೇ ವೈನಿನ ಕೆಡದ ಬಾಟಲಿಯಿಂದ ಇನ್ನೊಂದು ಗ್ಲಾಸು ತುಂಬಿ, ಎರಡನ್ನೂ ಮೂಸಲು ಕೊಟ್ಟರು. ಮೊದಲನೆಯದರಲ್ಲಿ ನೆನೆದ ರಟ್ಟಿನ ವಾಸನೆಯಿತ್ತು, ಹಣ್ಣಿನ ಸುಳಿವೇ ಇರಲಿಲ್ಲ. ಟಿಸಿಎ ಎಂಬ ರಾಸಾಯನಿಕದಿಂದ ಬರುವ ಈ ಕಾರ್ಕ್ ದೋಷವನ್ನು ಮನೆಯಲ್ಲಿ ಒಬ್ಬನೇ ಕಂಡಿದ್ದರೆ, ಆ ವೈನಿನ ಗುಣವೇ ಅದೆಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಡಬ್ಲ್ಯುಎಸ್‌ಇಟಿಯ ಮೊದಲ ಹಂತದ ಪರೀಕ್ಷೆಗೆ ಹೆದರಬೇಕಿಲ್ಲ: 45 ನಿಮಿಷಗಳಲ್ಲಿ 30 ಬಹು ಆಯ್ಕೆಯ ಪ್ರಶ್ನೆಗಳು, ಉತ್ತೀರ್ಣರಾಗಲು ಶೇ. 70 ಅಂಕ. ರುಚಿಯ ಪರೀಕ್ಷೆ ಈ ಹಂತದಲ್ಲಿಲ್ಲ.

ತರಗತಿಗೂ ಕೊರತೆಗಳಿವೆ. ಸುಮಾರು ಆರು ಗಂಟೆಗಳ ಪಾಠವನ್ನು ಒಂದೇ ದಿನದಲ್ಲಿ ಮುಗಿಸುವ ಕಡೆ, ಉಗುಳುತ್ತಲೇ ಇದ್ದರೂ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ದಣಿಯುತ್ತದೆ. ಕ್ಯಾಬರ್ನೆ, ಪಿನೋ ನುವಾರ್ ಎಂಬ ದ್ರಾಕ್ಷಿ ತಳಿಗಳ ವ್ಯತ್ಯಾಸ ಈಗಾಗಲೇ ತಿಳಿದವರಿಗೆ ಪಾಠ ತೆಳುವೆನಿಸೀತು. ಎರಡನೆಯ ಹಂತಕ್ಕೆ ಮೊದಲನೆಯದು ಕಡ್ಡಾಯವಲ್ಲದ ಕಾರಣ ಅಂಥವರು ನೇರವಾಗಿ ಅದಕ್ಕೇ ಸೇರಬಹುದು.

ಟೇಸ್ಟಿಂಗ್ ಕೂಟ ಹಿತವಾದ ಸಂಜೆ, ಅಷ್ಟೇ. ಮಾತಿನ ಭರಾಟೆಯಲ್ಲಿ ಟಿಪ್ಪಣಿ ಬರೆಯುವವರಿಲ್ಲ, ಉಗುಳುವವರಂತೂ ಇಲ್ಲವೇ ಇಲ್ಲ. ಕೋರ್ಟ್ ಆಫ್ ಮಾಸ್ಟರ್ ಸೊಮೆಲಿಯೇಸ್‌ನ ಆರಂಭಿಕ ಕೋರ್ಸನ್ನು ನಾನು ಪರಿಗಣಿಸಲಿಲ್ಲ, ಏಕೆಂದರೆ ಅದರ ಒತ್ತು ಹೋಟೆಲುಗಳಲ್ಲಿ ವೈನ್ ಬಡಿಸುವ ವೃತ್ತಿಯವರ ಕಡೆಗಿದೆ.

ಕಡಿಮೆ ಕುಡಿಯುವವರಿಗೆ, ಒಬ್ಬರೇ ಕಲಿಯುವವರಿಗೆ ತರಗತಿಯೇ ಸರಿ. ಪ್ರತಿ ಪಾಠಕ್ಕೂ ತಪ್ಪದೆ ಬಂದು ಬಾಟಲಿಯ ಖರ್ಚನ್ನು ಹಂಚಿಕೊಳ್ಳುವ ನಾಲ್ಕೈದು ಗೆಳೆಯರಿದ್ದರೆ ಮಾತ್ರ ಆನ್‌ಲೈನ್ ಕೋರ್ಸಿನ ಲೆಕ್ಕ ಕೂಡಿಬರುತ್ತದೆ. ಆಗಲೂ ಹಣ ಕಟ್ಟುವ ಮುನ್ನ ವೈನುಗಳ ಪಟ್ಟಿಯನ್ನು ತರಿಸಿಕೊಂಡು, ಅವು ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ವಿಚಾರಿಸಬೇಕು.