ಮರಿಗಳ ಆಹಾರಕ್ಕೆ 50 ಕೆಜಿ ಚೀಲದ ಡಿಸಿಪಿ: ದೀರ್ಘಕಾಲ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ಬ್ರಾಯ್ಲರ್ ಮರಿಗಳ ಪ್ರೀ-ಸ್ಟಾರ್ಟರ್ (ಮೊದಲ ದಿನಗಳ) ಆಹಾರವನ್ನು ಸ್ವಂತ ಮಿಕ್ಸರಿನಲ್ಲಿ ಮಾಡಿಕೊಳ್ಳುವ ನಾವು ಬ್ಯಾಚ್ ಮೇಲೆ ಬ್ಯಾಚ್ ಇದೇ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ-ರಂಜಕ ಕೊಡುವ ಪುಡಿ) ಹಾಕುತ್ತಾ ಬಂದಿದ್ದೇವೆ. ಮೂಳೆಯಿಂದಲ್ಲ, ರಾಕ್ ಫಾಸ್ಫೇಟಿನಿಂದ ತಯಾರಾದದ್ದು. ಹಾಗಾಗಿ ಸಾಲ್ಮೊನೆಲ್ಲಾ ಭಯ ಕಡಿಮೆ. ಚೀಲದ ಮೇಲೆ ರಂಜಕ 18%, ಕ್ಯಾಲ್ಸಿಯಂ 23% ಎಂದಿದೆ, ಲ್ಯಾಬ್ ವರದಿಯೂ ಅದರ ಆಸುಪಾಸಿನಲ್ಲೇ ಬರುತ್ತದೆ. ಮರಿಗಳ ಕಾಲು ಸೊಟ್ಟಗಾದರೆ ಎಲ್ಲರೂ ಮೊದಲು ದೂರುವುದು ಡಿಸಿಪಿಯನ್ನೇ. ಆದರೆ ಎಷ್ಟೋ ಸಲ ಎಡವಟ್ಟು ಇರುವುದು ಲೆಕ್ಕದಲ್ಲಿ.

ಒಂದು ಟನ್ ಆಹಾರಕ್ಕೆ ಕ್ಯಾಲ್ಸಿಯಂ 0.96%, ಲಭ್ಯ ರಂಜಕ (ಮರಿಯ ಮೈಗೆ ದಕ್ಕುವ ರಂಜಕ) 0.48% ಬೇಕು ಎಂದಿಟ್ಟುಕೊಳ್ಳಿ, ಅಂದರೆ 9.6 ಕೆಜಿ ಮತ್ತು 4.8 ಕೆಜಿ. ಮೆಕ್ಕೆಜೋಳ, ಸೋಯಾ ಹಿಂಡಿಯ ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಎಂಬ, ಮರಿಗೆ ಜೀರ್ಣವಾಗದ ರೂಪದಲ್ಲಿ ಕಟ್ಟಿಹಾಕಿಕೊಂಡಿರುವುದರಿಂದ ಮರಿಗೆ ದಕ್ಕುವುದು ಸುಮಾರು 1.3 ಕೆಜಿ ಮಾತ್ರ. ಉಳಿದ 3.5 ಕೆಜಿಗೆ ಡಿಸಿಪಿ 19.5 ಕೆಜಿ ಬೇಕು. ಅದರಲ್ಲೇ ಕ್ಯಾಲ್ಸಿಯಂ 4.5 ಕೆಜಿ ಬಂದುಬಿಡುತ್ತದೆ, ಕಾಳು-ಹಿಂಡಿಯಿಂದ ಇನ್ನೊಂದು 1.2 ಕೆಜಿ. ಆದ್ದರಿಂದ 38% ಕ್ಯಾಲ್ಸಿಯಂ ಇರುವ ಸುಣ್ಣಕಲ್ಲಿನ ಪುಡಿ 10 ಕೆಜಿ ಸಾಕು.

ಫೈಟೇಸ್ (ಫೈಟೇಟ್ ಒಡೆದು ರಂಜಕ ಬಿಡಿಸುವ ಕಿಣ್ವ) ಹಾಕುವವರು ಎಡವುವುದು ಇಲ್ಲೇ. ಕೆಜಿ ಆಹಾರಕ್ಕೆ 500 ಎಫ್‌ಟಿಯು (ಫೈಟೇಸ್ ಅಳೆಯುವ ಘಟಕ) ಹಾಕಿ 0.1% ರಂಜಕ ಬಿಡುಗಡೆಯಾಗುತ್ತದೆಂದು ಲೆಕ್ಕ ಹಿಡಿದರೆ ಡಿಸಿಪಿ 14 ಕೆಜಿಗೆ ಇಳಿಯುತ್ತದೆ. ಅದರ ಜೊತೆ ಹೋದ ಕ್ಯಾಲ್ಸಿಯಂ ತುಂಬಲು ಸುಣ್ಣಕಲ್ಲಿನ ಪುಡಿಯನ್ನು 13.5 ಕೆಜಿಗೆ ಏರಿಸಲೇಬೇಕು. ಹಾಗಂತ ಕೈಗೆ ಬಂದಷ್ಟು ಸುರಿಯಬೇಡಿ. ಕ್ಯಾಲ್ಸಿಯಂ ಹೆಚ್ಚಾದರೆ ಫೈಟೇಸಿನ ಕೆಲಸವೇ ಕುಂಠಿತವಾಗುತ್ತದೆ, ಸತು-ಮ್ಯಾಂಗನೀಸ್ ಹೀರಿಕೆಯೂ ಇಳಿಯುತ್ತದೆ.

ಕೊಕ್ಕು ಬೆರಳಿಗೆ ರಬ್ಬರಿನಂತೆ ಬಾಗಿದರೆ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ3 ಮೂರನ್ನೂ ನೋಡಿ. ಮೂಳೆ ಗಟ್ಟಿಯಿದ್ದು ಕಾಲಿನ ಹಿಮ್ಮಡಿ ಕೀಲು (ಹಾಕ್) ಊದಿ, ಸ್ನಾಯುರಜ್ಜು ಪಕ್ಕಕ್ಕೆ ಜಾರಿದ್ದರೆ ಅದು ಸಾಮಾನ್ಯವಾಗಿ ಮ್ಯಾಂಗನೀಸ್ ಅಥವಾ ಕೋಲಿನ್ (ಒಂದು ಪೋಷಕಾಂಶ) ಕೊರತೆ. ಇನ್ನಷ್ಟು ಡಿಸಿಪಿ ಹಾಕಿದರೆ ಉಲ್ಬಣಿಸುತ್ತದೆ.

ಚೀಲ ಬಂದ ಕೂಡಲೇ ಒಂದು ಚಮಚ ಪುಡಿಯನ್ನು ಗಾಜಿನ ಲೋಟಕ್ಕೆ ಹಾಕಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಅಲ್ಪಸ್ವಲ್ಪ ಗುಳ್ಳೆ ಎದ್ದರೆ ಪರವಾಗಿಲ್ಲ. ಬುಸುಗುಟ್ಟಿ ನೊರೆ ಉಕ್ಕಿದರೆ ಸುಣ್ಣಕಲ್ಲು ಬೆರೆಸಿದ್ದಾರೆ. ಒಳ್ಳೆಯ ಡಿಸಿಪಿ ಬಹುಪಾಲು ಕರಗುತ್ತದೆ. ತಳದಲ್ಲಿ ಮರಳು ನಿಂತರೆ ಚೀಲ ವಾಪಸ್ ಕಳಿಸಿ. ರಾಕ್ ಫಾಸ್ಫೇಟಿನಿಂದ ಬರುವ, ಹೆಚ್ಚಾದರೆ ಮರಿಗೆ ಹಾನಿ ಮಾಡುವ ಫ್ಲೋರಿನ್ ಮಾತ್ರ ಹೀಗೆ ತಿಳಿಯುವುದಿಲ್ಲ, ಪ್ರತಿ ಲಾಟ್‌ಗೂ ವಿಶ್ಲೇಷಣಾ ಪತ್ರ ಕೇಳಿ ಪಡೆಯಿರಿ. ಸುಣ್ಣಕಲ್ಲನ್ನೂ ಪರೀಕ್ಷಿಸಿ; ಡಾಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನಂಥ ಕಲ್ಲು) ಸೇರಿದ್ದರೆ ಮೆಗ್ನೀಸಿಯಂ ಹೆಚ್ಚಾಗಿ ಹಿಕ್ಕೆ ನೀರಾಗುತ್ತದೆ, ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಒದ್ದೆಯಾಗುತ್ತದೆ.

ಡಿಸಿಪಿಯನ್ನು ನೇರ ಮಿಕ್ಸರಿಗೆ ಹಾಕಬಹುದು. ಟನ್ನಿಗೆ ಒಂದು ಕೆಜಿ ಬೀಳುವ ಟ್ರೇಸ್ ಮಿನರಲ್ (ಸತು, ಮ್ಯಾಂಗನೀಸಿನಂಥ ಅಲ್ಪ ಪ್ರಮಾಣದ ಖನಿಜ) ಪುಡಿಯನ್ನು ಮಾತ್ರ ಮೊದಲು 20 ಕೆಜಿ ಜೋಳದ ನುಚ್ಚಿನಲ್ಲಿ ಕಲಸಿಕೊಳ್ಳಿ, ಎಣ್ಣೆ ಕೊನೆಗಿರಲಿ.

ಒಂದು ಸ್ಟಾರ್ ಕಳೆದದ್ದು ಧೂಳಿಗೆ ಮತ್ತು ಚೀಲಕ್ಕೆ. ಒಳಗೆ ಪ್ಲಾಸ್ಟಿಕ್ ಪದರ ಇಲ್ಲ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿದರೆ ತಡೆಯುತ್ತದೆ.