ಒಳ್ಳೆಯ ಲೂಟ್ ಬಾಸ್ ಹತ್ತಿರ ಇರಬೇಕಾ, ಎಲ್ಲ ಶತ್ರುಗಳ ಹತ್ತಿರವಾ?

ಸುರತ್ಕಲ್, ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಕೂತು ಆಕ್ಷನ್ ಆರ್‌ಪಿಜಿ (ಶತ್ರುಗಳನ್ನು ಕೊಲ್ಲುತ್ತಾ ಪಾತ್ರವನ್ನು ಬೆಳೆಸುವ ವಿಡಿಯೋ ಗೇಮ್) ಕಟ್ಟಲು ಹೊರಟಿದ್ದೀರಾ? ಹಾಗಾದರೆ ಮೊದಲು ಇದನ್ನು ನಿರ್ಧರಿಸಿ.

ಲೂಟನ್ನು, ಅಂದರೆ ಶತ್ರು ಸತ್ತಾಗ ಬೀಳುವ ವಸ್ತುಗಳನ್ನು, ಬಾಸ್‌ಗೆ (ದೊಡ್ಡ, ಮುಖ್ಯ ಶತ್ರುವಿಗೆ) ಕೊಟ್ಟರೆ ಗುರಿ ಸ್ಪಷ್ಟ. ಗೆದ್ದದ್ದಕ್ಕೆ ತಕ್ಕ ಬಹುಮಾನವೂ ಸಿಗುತ್ತದೆ. ಆದರೆ 2000ರಲ್ಲಿ ಬಂದ ಡಯಾಬ್ಲೊ 2 ನೋಡಿ. ಅಲ್ಲಿ ಮೆಫಿಸ್ಟೋ ಎಂಬ ಬಾಸ್ ಕೊಡುವ ಲೂಟ್ ಚೆನ್ನಾಗಿತ್ತು, ಅವನನ್ನು ಕೊಲ್ಲುವುದೂ ಅಷ್ಟೇನೂ ಕಷ್ಟವಿರಲಿಲ್ಲ. ಆಟಗಾರರು ಟೆಲಿಪೋರ್ಟ್ ಮಾಡುತ್ತಾ (ಮಂತ್ರದಿಂದ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುತ್ತಾ) ನೇರ ಅವನ ಬಳಿ ಹೋಗುತ್ತಿದ್ದರು. ಕೊಂದು, ಆಟದಿಂದ ಹೊರಬಂದು, ಹೊಸ ಆಟ ತೆರೆದು ಮತ್ತೆ ಅದೇ ಕೆಲಸ. ನಡುವಿನ ಶತ್ರುಗಳನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಆಟ ಕಟ್ಟಿದವರ ಅಷ್ಟು ಚೆಂದದ ಕೆಲಸ ಸುಮ್ನೆ ಹೋಯಿತು, ಅಲ್ವಾ?

ಲೂಟನ್ನು ಎಲ್ಲ ಶತ್ರುಗಳಿಗೂ ಹಂಚಿದರೆ ಪ್ರತಿ ಮೂಲೆಗೂ ಬೆಲೆ ಬರುತ್ತದೆ. ಆದರೆ ನೆಲದ ತುಂಬ ಬೇಡದ ವಸ್ತುಗಳ ಕಸ ಜಾಸ್ತಿ. ಪಾತ್ ಆಫ್ ಎಕ್ಸೈಲ್ ಎಂಬ ಆಟದಲ್ಲಿ ಬೇಡದ್ದನ್ನು ಮರೆಮಾಡಲು ಫಿಲ್ಟರ್ ಹಾಕಿಕೊಂಡೇ ಆಡುತ್ತಾರೆ.

ನನ್ನ ಮತ ಹಂಚುವುದಕ್ಕೇ, ಆದರೆ ಸಮನಾಗಿ ಅಲ್ಲ. ದಾರಿಯಲ್ಲಿ ಎದುರಾಗುವ ಬಲಿಷ್ಠ ಶತ್ರುಗಳಿಗೆ ಹೆಚ್ಚು ಪಾಲು ಕೊಡಿ. ಬಾಸ್ ಮೊದಲ ಸಲ ಸತ್ತಾಗ ಒಂದು ಒಳ್ಳೆಯ ವಸ್ತು ಖಚಿತವಾಗಿ ಬೀಳಲಿ. ಎರಡನೇ ಸಲದಿಂದ ಕಡಿಮೆ ಮಾಡಿ. ನಿಮ್ಮದು ಪುಟ್ಟ ತಂಡ, ಇರುವುದೇ ಮೂರ್ನಾಲ್ಕು ಬಾಸ್ ಅಂತಾದರೆ ಇದು ಇನ್ನೂ ಮುಖ್ಯ.